ಹಬೆಗೆ ಬಿಟ್ಟ ಬಿಳಿ

ನನ್ನ ವಾರಗಿತ್ತಿಯನ್ನು ಚಿತ್ರದ ಕ್ಲಾಸಿಗೆ ಕರೆದುಕೊಂಡು ಹೋದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಎಷ್ಟೋ ಭಾನುವಾರ ‘ಇವಳನ್ನು ಯಾರು ಬಾ ಅಂದರು’ ಎಂದು ಬಸ್ಸಿನ ಕಿಟಕಿಗೆ ಮುಖ ಮಾಡಿ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಬಾ ಅಂದವಳು ಅದೇ ಕಿಟಕಿಯ ಪಕ್ಕ ಕೂತಿರುತ್ತಿದ್ದಳು, ಅಂದರೆ ನಾನೇ.

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದಾಗ, ಇನ್ನೇನು ಮಾಡ್ತೀರಿ ಮೇಡಂ ಅಂತ ಕೇಳಿದವರಿಗೆಲ್ಲ ಜಲವರ್ಣ ಕಲೀತೀನಿ ಅಂದೆ. ಒಂದಿಬ್ಬರು ಅದು ಯಾವುದೋ ಹೊಸ ಯೋಗ ಅಂದುಕೊಂಡರು. ನನಗದು ಚಿಕ್ಕಂದಿನ ಆಸೆ. ಆಸೆ ಅನ್ನುವುದಕ್ಕಿಂತ ಹಟ ಅನ್ನಬೇಕು. ನನ್ನ ತವರು ನ್ಯಾಮತಿ. ಅಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಡ್ರಾಯಿಂಗ್ ಮೇಷ್ಟ್ರು ನಾನು ಬರೆದ ನವಿಲನ್ನು ಎಲ್ಲರಿಗೂ ಎತ್ತಿ ತೋರಿಸಿ, ‘ಇದು ಕೋಳಿನೋ ಕೊಡೆನೋ ಹೇಳ್ರಿ ನೋಡಾಣ’ ಅಂದಿದ್ದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ‘ನಿನ್ನ ಕೈ ಲೆಕ್ಕಕ್ಕೆ ಸರಿ ಐತವ್ವ, ಚಿತ್ರಕ್ಕಲ್ಲ’ ಅಂತ ಪುಸ್ತಕ ವಾಪಸ್ಸು ಕೊಟ್ಟರು. ಅವರು ಹೇಳಿದಂತೆ ಲೆಕ್ಕಕ್ಕೇ ಹೋದೆ, ಅದರಲ್ಲೇ ಅನ್ನ ಉಂಡೆ. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

ಹೊನ್ನಾಳಿಯಲ್ಲಿ ಒಬ್ಬ ಹಿರಿಯ ಕಲಾವಿದರು ಭಾನುವಾರ ಬೆಳಿಗ್ಗೆ ಕ್ಲಾಸು ಮಾಡುತ್ತಾರೆ ಅಂತ ತಿಳಿಯಿತು. ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಭಾನುವಾರ ಗಿರಣಿಗೆ ರಜೆ, ಆದರೂ ಮೆಟ್ಟಿಲ ಮೇಲೆ ಜೋಳದ ಹಿಟ್ಟಿನ ವಾಸನೆ ಇದ್ದೇ ಇರುತ್ತಿತ್ತು. ಈ ವಯಸ್ಸಿನಲ್ಲಿ ಬ್ರಶ್ಶು ಹಿಡಿದು ಚನ್ನಗಿರಿಯಿಂದ ಒಬ್ಬಳೇ ಬಸ್ಸು ಹತ್ತುವುದಕ್ಕೆ ನಾಚಿಕೆಯಾಯಿತು. ಯಜಮಾನರನ್ನು ಕರೆದೆ, ಅವರು ಪೇಪರ್ ಓದುತ್ತಾ ಕೈ ಆಡಿಸಿದರು. ಕೊನೆಗೆ ವಾರಗಿತ್ತಿಗೆ ಫೋನು ಮಾಡಿದೆ. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು, ಸುಮ್ಮನೆ ಜೊತೆಗೆ ಬಂದು ಕೂತುಕೋ ಅಂದೆ.

ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ನೀರಿಗೆ ಸದಾ ಬರ ಇರುವ ಜಗಳೂರು ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು, ಮದುವೆಯಾಗಿ ಕೆರೆಬಿಳಚಿಗೆ ಬಂದವಳು. ನಮ್ಮ ಮೈದುನ ಅಲ್ಲಿ ಅಡಿಕೆ ಬೇಯಿಸಿ ಒಣಗಿಸುವ ಕೆಲಸ ಇಟ್ಟುಕೊಂಡಿದ್ದಾನೆ. ಬ್ಯಾಂಕಿನ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ಮಗಳ ಕಾಲೇಜಿನ ಅರ್ಜಿ, ಎಲ್ಲವನ್ನೂ ಅವಳು ನನ್ನ ಹತ್ತಿರ ತರುತ್ತಿದ್ದಳು. ನಾನು ತಪ್ಪು ಹುಡುಕಿ ತಿದ್ದುತ್ತಿದ್ದೆ. ‘ಅಕ್ಕ ನೋಡಿದ್ಮೇಲೆ ಮುಗೀತು ಬಿಡ್ರಿ’ ಅನ್ನುವುದು ಅವಳ ಮಾತು. ನನಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಸರ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ನಾವಿಬ್ಬರು, ತ್ಯಾವಣಿಗೆಯ ಇಬ್ಬರು ಕಾಲೇಜು ಹುಡುಗಿಯರು, ಇನ್ನೂ ಮೂರು ಜನ. ‘ನಾನು ಸುಮ್ನೆ ಬಂದೋಳು ಸರ್’ ಅಂತ ಇವಳು ಕೈ ಹಿಂದಕ್ಕೆ ಎಳೆದುಕೊಂಡಳು. ‘ಸುಮ್ನೆ ಬಂದೋರಿಗೂ ಹಾಳೆ ಐತೆ, ತಗಳ್ರಿ’ ಅಂದರು ಅವರು. ನಾನೂ ದೊಡ್ಡ ಮನಸ್ಸು ಮಾಡಿ, ತಗೋ ತಗೋ ಅಂದೆ.

ಸರ್ ಕಲಿಸಿದ ಮೊದಲ ಪಾಠ ಬಿಳಿ ಬಣ್ಣದ ಟ್ಯೂಬನ್ನು ಪೆಟ್ಟಿಗೆಯಿಂದ ತೆಗೆದು ಪಕ್ಕಕ್ಕಿಡುವುದು. ‘ಬಿಳಿ ಅನ್ನೋದು ಹಾಳೆಯೊಳಗೇ ಐತೆ. ಎಲ್ಲಿ ಬಿಳಿ ಬೇಕೋ ಅಲ್ಲಿ ಬ್ರಶ್ಶು ಆಡಿಸಬಾರದು, ಅಷ್ಟೇ.’ ರಂಗೋಲಿ ಹಾಕಿ ಬೆಳೆದ ನನಗೆ ಇದು ತಲೆಗೆ ಹೋಗಲಿಲ್ಲ. ನೆಲ ಕಪ್ಪು, ಅದರ ಮೇಲೆ ಬಿಳಿ ಇಡುವುದು ನಮಗೆ ಗೊತ್ತು. ಬಿಳಿಯನ್ನು ಮುಟ್ಟದೆ ಬಿಟ್ಟು ಸುತ್ತಲೂ ಬಣ್ಣ ಹಾಕಿಕೊಂಡು ಬರುವುದು ಯಾವ ಸೀಮೆಯ ಕೆಲಸ? ಅದೂ ಅಲ್ಲದೆ ನಾನು ಖಾಲಿ ಜಾಗ ಕಂಡರೆ ಸಹಿಸುವವಳಲ್ಲ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕೈ. ಮಕ್ಕಳು ಬಿಟ್ಟ ಖಾಲಿ ಪುಟದ ಮೇಲೆ ಅಡ್ಡಗೆರೆ ಎಳೆಯದಿದ್ದರೆ, ಆಮೇಲೆ ಯಾರಾದರೂ ಅಲ್ಲಿ ಏನಾದರೂ ಬರೆದಾರು ಅನ್ನುವ ಭಯ ನಮಗೆ. ಚಿತ್ರದಲ್ಲಿ ಅಂಗೈಯಗಲ ಬಿಳಿ ಉಳಿದರೂ ನನ್ನ ಬ್ರಶ್ಶು ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ನೀರು ಇನ್ನೊಂದು ತಲೆನೋವು. ನಾನು ಬ್ರಶ್ಶು ಅದ್ದಿ ಹಾಗೇ ಹಾಳೆಗೆ ಇಟ್ಟರೆ ಕೆರೆ ಕೋಡಿ ಬಿದ್ದಂತೆ ಆಗುತ್ತಿತ್ತು. ಅರ್ಧ ಒಣಗಿದ ಬಣ್ಣದ ಮೇಲೆ ಅವಸರ ಮಾಡಿ ಮತ್ತೆ ಕೈ ಹಾಕುತ್ತಿದ್ದೆ, ಗೋಡೆಗೆ ನೀರಿಳಿದ ಹಾಗೆ ಅಂಚು ಅಂಚಾಗಿ ಕಲೆ ಹಬ್ಬುತ್ತಿತ್ತು. ಪಕ್ಕದಲ್ಲಿ ಇವಳು ಬ್ರಶ್ಶನ್ನು ಲೋಟದ ಅಂಚಿಗೆ ಒರೆಸಿ, ಸೀರೆಯ ಸೆರಗಿಗೆ ಇನ್ನೊಮ್ಮೆ ಒರೆಸಿ, ಆಮೇಲೆ ಹಾಳೆಗೆ ತಾಗಿಸುತ್ತಿದ್ದಳು. ಯಾರು ಹೇಳಿಕೊಟ್ಟರಮ್ಮ ಅಂತ ಸರ್ ಕೇಳಿದರು. ‘ನಾವು ಜಗಳೂರು ಕಡೆಯೋರು ಸರ್, ನಮಗೆ ನೀರು ಚೆಲ್ಲಾಕೆ ಬರಲ್ಲ’ ಅಂದಳು. ಇಡೀ ಕ್ಲಾಸು ನಕ್ಕಿತು. ನನ್ನ ಏಳನೇ ಕ್ಲಾಸಿನ ನಗುವಲ್ಲ, ಪ್ರೀತಿಯ ನಗು. ಅವತ್ತೇ ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು.

ಅವಳಿಗೆ ಬಣ್ಣ ಗೊತ್ತಿತ್ತು. ಅದು ನನಗೆ ತಿಳಿಯುವುದಕ್ಕೆ ಮೂರು ತಿಂಗಳು ಬೇಕಾಯಿತು. ಅಡಿಕೆ ಬೇಯಿಸಿದ ಕೆಂಪು ನೀರಿಗೆ ನಮ್ಮ ಕಡೆ ಚೊಗರು ಅನ್ನುತ್ತಾರೆ. ಒಣಗಿದ ಅಡಿಕೆಗೆ ಬಣ್ಣ ಬರುವುದು ಆ ಚೊಗರಿನಿಂದಲೇ. ಅದು ತೆಳುವಾದರೆ ಅಡಿಕೆ ಬಿಳಿಚಿಕೊಳ್ಳುತ್ತದೆ, ಮಂದವಾದರೆ ಕರಿಯಾಗುತ್ತದೆ. ಇಪ್ಪತ್ತೈದು ವರ್ಷ ಹಂಡೆಯ ಮುಂದೆ ನಿಂತು, ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟುಕೊಂಡು, ಒಣಗಿದ ಮೇಲೆ ಇದು ಏನಾಗುತ್ತದೆ ಅಂತ ಹೇಳುತ್ತಾ ಬಂದವಳು ಅವಳು. ನಾನು ಅದನ್ನು ಯಾವತ್ತೂ ವಿದ್ಯೆ ಅಂತ ಎಣಿಸಿರಲಿಲ್ಲ.

ಒಂದು ಭಾನುವಾರ ಅವಳು ಜಾಮಿನ ಹಳೇ ಬಾಟಲಿಯಲ್ಲಿ ಚೊಗರು ತುಂಬಿಕೊಂಡು ಬಂದಳು. ‘ಇದ್ರಲ್ಲಿ ಬರೀಬೋದಾ ಸರ್?’ ಸರ್ ಒಂದು ಗೆರೆ ಎಳೆದು ನೋಡಿದರು, ಇನ್ನೊಂದು ಎಳೆದರು, ಕನ್ನಡಕ ಮೇಲಕ್ಕೆತ್ತಿ ನೋಡಿದರು. ‘ಈ ಬಣ್ಣ ಯಾವ ಅಂಗಡಿಯಾಗೂ ಸಿಗಲ್ಲ ಕಣ್ರಮ್ಮ’ ಅಂದರು. ಅವಳು ಕಲಿಸುವವಳ ಹಾಗೆ ವಿವರಿಸಿದಳು. ‘ನಿಮ್ ಟ್ಯೂಬಿನ ಬಣ್ಣ ಒಣಗಿದ್ರೆ ತಿಳಿಯಾಗ್ತೈತೆ ಸರ್. ಇದು ಉಲ್ಟಾ. ಹಚ್ಚುವಾಗ ತಿಳಿ ಐತೆ ಅನ್ಸುತ್ತೆ, ಒಣಗ್ತಾ ಒಣಗ್ತಾ ಏರುತ್ತೆ. ತಾಳ್ಮೆ ಬೇಕು.’ ಕಾಲೇಜು ಹುಡುಗಿಯರು ಅವಳ ಸುತ್ತ ನಿಂತರು. ನಾನು ಶಿವಮೊಗ್ಗದಿಂದ ತರಿಸಿದ ಹನ್ನೆರಡು ಬಣ್ಣದ ಪೆಟ್ಟಿಗೆ ತೆರೆದೇ ಇತ್ತು, ಯಾರೂ ಅದರ ಕಡೆ ನೋಡಲಿಲ್ಲ. ಒಣಗುತ್ತಾ ಏರುತ್ತೆ ಅಂದ ಅವಳ ಮಾತಿನ ಮೇಲೂ ನಾನು ಗಮನ ಇಡಲಿಲ್ಲ. ಇಟ್ಟಿದ್ದರೆ ಒಳ್ಳೆಯದಿತ್ತು.

ನನ್ನ ಚಿತ್ರಗಳಿಗೆ ಸರ್ ಒಂದೇ ಮಾತು ಹೇಳುತ್ತಿದ್ದರು: ‘ಅಚ್ಚುಕಟ್ಟಾಗೈತೆ ಮೇಡಂ.’ ಹೊನ್ನಾಳಿ ಸೇತುವೆಯನ್ನು ನಾನು ಸ್ಕೇಲು ಇಟ್ಟು ಬರೆದಿದ್ದೆ. ಕಂಬಗಳ ನಡುವಿನ ಅಂತರ ಲೆಕ್ಕ ಹಾಕಿದ್ದೆ. ತುಂಗಭದ್ರೆಗೆ ನೀಲಿ, ದಡಕ್ಕೆ ಹಸಿರು, ಆಕಾಶಕ್ಕೆ ಮೂಲೆ ಬಿಡದೆ ನೀಲಿ. ಅಚ್ಚುಕಟ್ಟು. ದಡ್ಡ ಮಕ್ಕಳ ಪೋಷಕರಿಗೆ ನಾನೂ ಮೂವತ್ತೊಂದು ವರ್ಷ ಇದನ್ನೇ ಹೇಳಿದ್ದೆ, ನಿಮ್ಮ ಮಗನ ಬರವಣಿಗೆ ಅಚ್ಚುಕಟ್ಟು ಅಂತ. ಆ ಮಾತಿನ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಪ್ರದರ್ಶನದ ಸುದ್ದಿ ಬಂತು. ನ್ಯಾಮತಿಯ ಒಂದು ಸಮುದಾಯ ಭವನದಲ್ಲಿ ಒಂದು ದಿನ ನಮ್ಮೆಲ್ಲರ ಚಿತ್ರ ತೂಗುಹಾಕುವುದು ಅಂತ ಸರ್ ಗೊತ್ತು ಮಾಡಿದರು. ಒಳಗೆ ಕಾಲಿಟ್ಟ ಕೂಡಲೇ ಕಾಣುವ ಎದುರಿನ ಗೋಡೆಗೆ ಒಂದೇ ಚಿತ್ರ. ಉಳಿದವು ಅಕ್ಕಪಕ್ಕಕ್ಕೆ. ನ್ಯಾಮತಿ! ನನ್ನ ಅಣ್ಣನ ಮನೆಯವರು ಬರುತ್ತಾರೆ, ಓರಗೆಯ ಗೆಳತಿಯರು ಬರುತ್ತಾರೆ, ನವಿಲು ನೋಡಿ ನಕ್ಕವರಲ್ಲಿ ಬದುಕಿರುವವರು ಬರುತ್ತಾರೆ. ಆ ಎದುರಿನ ಗೋಡೆ ನನಗೆ ಬೇಕಿತ್ತು. ಬೇರೆ ಏನನ್ನೂ ನಾನು ಆ ಪರಿ ಬಯಸಿದ ನೆನಪಿಲ್ಲ, ಕೆಲಸದ ಆರ್ಡರನ್ನೂ ಕೂಡ.

ಪ್ರದರ್ಶನಕ್ಕೆ ಒಂದು ವಾರ ಮುಂಚಿನ ಕ್ಲಾಸಿನಲ್ಲಿ ಅವಳು ತನ್ನ ಚಿತ್ರ ಮುಗಿಸಿದಳು. ಅಡಿಕೆ ಬೇಯುವ ಹಂಡೆ, ಅದರ ಹಿಂದೆ ಬಾಗಿ ನಿಂತ ಒಬ್ಬ ಹೆಂಗಸು, ಮುಖ ಕಾಣುವುದಿಲ್ಲ, ಯಾಕೆಂದರೆ ನಡುವೆ ಹಬೆ. ಎಲ್ಲವೂ ಚೊಗರಿನಲ್ಲೇ. ಹಬೆಗೆ ಅವಳು ಏನೂ ಹಚ್ಚಿರಲಿಲ್ಲ. ಬರಿ ಹಾಳೆ. ಆದರೂ ಆ ಬರಿ ಹಾಳೆ ಹಂಡೆಯಿಂದ ಎದ್ದು ಆ ಹೆಂಗಸಿನ ಮುಖಕ್ಕೆ ಬಡಿಯುತ್ತಿತ್ತು. ನೋಡಿ ನನಗೇ ಕಣ್ಣು ಮುಚ್ಚುವ ಹಾಗಾಯಿತು. ಸರ್ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ‘ಇದು ಎದುರಿನ ಗೋಡೆಗೆ’ ಅಂದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಮುಖ ಗಂಟು ಹಾಕಿಕೊಂಡು ಮನೆಗೆ ಹೋಗಿ ಒಂದು ಹೊತ್ತು ಊಟ ಬಿಟ್ಟು ಸುಮ್ಮನಾಗುತ್ತಿದ್ದೆನೋ ಏನೋ. ಅವಳು ಬಾಯಿ ತೆರೆದಳು. ‘ಅಕ್ಕಂದು ಹಾಕ್ರಿ ಸರ್. ಅವರ ತವರೂರು ಅದು. ನಂದು ಎಲ್ಲಿದ್ರೂ ನಡೀತೈತೆ.’ ಸರ್ ನಕ್ಕರು. ‘ತವರು ನೋಡಿ ಹಾಕಾಕೆ ಆಗಲ್ಲಮ್ಮ, ಚಿತ್ರ ನೋಡಿ ಹಾಕ್ಬೇಕು.’ ಅವಳು ದಾನ ಮಾಡಲು ಬಂದಳು, ಅವರು ಅದನ್ನೂ ನನಗೆ ದಕ್ಕಗೊಡಲಿಲ್ಲ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮೈ ಉರಿಯುತ್ತಿತ್ತು.

ಅವಳ ಚಿತ್ರಗಳು ಒಣಗುತ್ತಿದ್ದುದು ನಮ್ಮ ಮನೆಯಲ್ಲಿ. ಅಡಿಕೆ ಸುಗ್ಗಿಯಲ್ಲಿ ಅವರ ಮನೆಯ ತುಂಬ ಹಬೆ, ತೇವ. ಹಾಳೆ ಸೆಟೆದುಕೊಳ್ಳುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಚಿತ್ರವನ್ನು ನನ್ನ ಕೈಗೆ ಕೊಟ್ಟು, ‘ಒಣಗಿಸಿ ಇಟ್ಟಿರ್ರಿ ಅಕ್ಕ’ ಅಂತ ಹೇಳಿ ಕೆರೆಬಿಳಚಿ ಬಸ್ಸು ಹತ್ತುತ್ತಿದ್ದಳು. ಆ ಭಾನುವಾರವೂ ಕೊಟ್ಟಳು. ಚೀಲಕ್ಕೆ ಸೋರುತ್ತದೆ ಅಂತ ಚೊಗರಿನ ಬಾಟಲಿಯನ್ನೂ ಕೊಟ್ಟಳು.

ನಾಲ್ಕು ದಿನ ಆ ಚಿತ್ರ ನಮ್ಮ ಊಟದ ಮೇಜಿನ ಮೇಲಿತ್ತು. ಓಡಾಡುವಾಗಲೆಲ್ಲ ನೋಡುತ್ತಿದ್ದೆ. ಸೋಮವಾರ ಅದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮಂಗಳವಾರ ಹಂಡೆಯ ಬಾಯಿ ಸ್ವಲ್ಪ ಸೊಟ್ಟ ಅನ್ನಿಸಿ ಸಮಾಧಾನವಾಯಿತು. ಬುಧವಾರ ನೋಡಿದರೆ ಸೊಟ್ಟ ಇರುವುದರಿಂದಲೇ ಹಂಡೆ ಜೀವಂತವಾಗಿದೆ ಅನ್ನಿಸಿ ಸಮಾಧಾನ ಹೋಯಿತು. ಗುರುವಾರ ಊಟವಾಗಿ ಯಜಮಾನರು ಮಲಗಿದ್ದರು. ನಾನು ತಟ್ಟೆ ಎತ್ತುತ್ತಾ ಆ ಬಿಳಿ ಜಾಗ ನೋಡಿದೆ. ಖಾಲಿ ಬಿಟ್ಟಿದ್ದಾಳೆ, ಅರ್ಧಕ್ಕೆ ನಿಲ್ಲಿಸಿದ್ದಾಳೆ, ನ್ಯಾಮತಿಯವರು ಏನಂದಾರು, ಸ್ವಲ್ಪ ತಿದ್ದಿದರೆ ಅವಳಿಗೇ ಒಳ್ಳೆಯದು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಒಂದು ಅಕ್ಷರವನ್ನೂ ನಂಬಲಿಲ್ಲ. ಕೈ ತೊಳೆದು, ಬ್ರಶ್ಶು ತಂದು, ಚೊಗರಿಗೆ ನೀರು ಬೆರೆಸಿ, ಆ ಹಬೆಯ ಮೇಲೆ ಎಳೆದೆ.

ಹಸಿಯಲ್ಲಿ ಅದು ಕಂಡೂ ಕಾಣದ ಹಾಗಿತ್ತು. ಇಷ್ಟೇನಾ ಅನ್ನಿಸಿ ಇನ್ನೊಮ್ಮೆ ಎಳೆದೆ. ಪಾತ್ರೆ ತೊಳೆದು ಬಂದು ನೋಡುತ್ತೇನೆ, ಬಣ್ಣ ಏರಿದೆ. ಬಟ್ಟೆ ಒಣಗಿಹಾಕಿ ಬಂದರೆ ಇನ್ನೂ ಏರಿದೆ. ಅವಳು ಹೇಳಿದ್ದು ಆಗ ನೆನಪಾಯಿತು. ಟ್ಯೂಬಿನ ಬಣ್ಣವಾಗಿದ್ದರೆ ಒದ್ದೆ ಬ್ರಶ್ಶಿನಿಂದ ಒಂದಿಷ್ಟಾದರೂ ಎತ್ತಬಹುದಿತ್ತು. ಚೊಗರು ಹಾಳೆಯನ್ನು ಕಚ್ಚಿಕೊಂಡಿತ್ತು. ಹತ್ತಿಯಿಂದ ಒತ್ತಿದೆ, ಬೆರಳಿನಿಂದ ಉಜ್ಜಿದೆ. ಹಾಳೆಯ ಮೇಲೆ ಜುಂಗು ಎದ್ದಿತೇ ಹೊರತು ಬಣ್ಣ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಹಬೆ ಇದ್ದಲ್ಲಿ ಕಂದು ಗೋಡೆ ಎದ್ದಿತ್ತು, ಆ ಹೆಂಗಸು ಅದರ ಹಿಂದೆ ಮುಳುಗಿಹೋಗಿದ್ದಳು. ನನ್ನ ಬಲಗೈಯ ತೋರುಬೆರಳು, ಹೆಬ್ಬೆರಳು ಕೆಂಪಾಗಿದ್ದವು. ಸೋಪು ಹಾಕಿ ತಿಕ್ಕಿದೆ. ಮೂರು ದಿನ ತಿಕ್ಕಿದೆ. ತಿಕ್ಕಿದಷ್ಟೂ ಕಪ್ಪಾದವು.

ಭಾನುವಾರ ಅವಳು ಬರುವ ಮೊದಲೇ ನನ್ನದು, ಅವಳದು ಎರಡೂ ಚಿತ್ರಗಳನ್ನು ರಟ್ಟಿನ ನಡುವೆ ಇಟ್ಟು ಪೇಪರು ಸುತ್ತಿ ದಾರ ಕಟ್ಟಿದ್ದೆ. ಹೇಳಿಬಿಡಬಹುದಿತ್ತು. ಚನ್ನಗಿರಿಯಲ್ಲಿ ಹೇಳಬಹುದಿತ್ತು, ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಹೇಳಬಹುದಿತ್ತು. ಅವಳು ಹೊಸ ಸೀರೆ ಉಟ್ಟು, ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಳು. ‘ನಿಮ್ಮಣ್ಣನೋರು ಬರ್ತಾರಾ ಅಕ್ಕ? ಎಷ್ಟು ವರ್ಷ ಆತು ಅವರನ್ನ ನೋಡಿ’ ಅಂದಳು. ಹ್ಞೂಂ ಅಂದೆ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಭವನದಲ್ಲಿ ಸರ್ ಪೇಪರು ಬಿಚ್ಚಿದರು. ಮೊದಲು ನನ್ನ ಸೇತುವೆ. ಆಮೇಲೆ ಅವಳದು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, ‘ಹಬೆ ಎಲ್ಲಿ ಹೋತಮ್ಮ?’ ಅಂದರು. ಅವಳು ಬಗ್ಗಿ ನೋಡಿದಳು. ಅವಳ ಮುಖದ ಮೇಲೆ ಸಿಟ್ಟು ಬರಲಿಲ್ಲ, ಏನೂ ತಿಳಿಯದವಳ ಹಾಗೆ ನಿಂತಳು. ನಾನು ದಾರ ಸುತ್ತುತ್ತಿದ್ದೆ, ಅದಕ್ಕೆ ಎರಡು ಕೈಯೂ ಬೇಕಿತ್ತು. ಅವಳ ಕಣ್ಣು ನನ್ನ ಬೆರಳಿನ ಮೇಲೆ ಬಂದು ನಿಂತಿತು. ಸುಗ್ಗಿಯಲ್ಲಿ ಕೆರೆಬಿಳಚಿಯ ಹೆಂಗಸರ ಬೆರಳೆಲ್ಲ ಹೀಗೇ ಇರುತ್ತವೆ, ಅವಳದೂ ಹಾಗೇ ಇದ್ದವು. ಆ ಕೋಣೆಯಲ್ಲಿ ಚೊಗರು ಹತ್ತಿದ ಕೈ ಇದ್ದದ್ದು ಇಬ್ಬರಿಗೇ.

‘ನನ್ನ ಕೈ ತಪ್ತು ಸರ್’ ಅಂದಳು.

ಸರ್ ಚಿತ್ರವನ್ನು ಕೆಳಗಿಳಿಸಿದರು. ಅವಳ ಚಿತ್ರ ಬಾಗಿಲ ಪಕ್ಕದ ಗೋಡೆಗೆ ಹೋಯಿತು, ಜನ ಚಪ್ಪಲಿ ಬಿಡುವ ಕಡೆ. ಉಳಿದವರಲ್ಲಿ ದೊಡ್ಡ ಹಾಳೆ ನನ್ನದೇ ಇತ್ತು, ಎದುರಿನ ಗೋಡೆಗೆ ನನ್ನ ಸೇತುವೆ ಏರಿತು.

ನಾನು ಬಯಸಿದ್ದೆಲ್ಲ ಅವತ್ತು ಒಂದೂ ಬಿಡದೆ ನಡೆಯಿತು. ಅಣ್ಣ ಬಂದು ನಡುವೆ ನಿಂತು ನೋಡಿದ. ಅತ್ತಿಗೆ, ‘ಹೊಳೆ ಹೆಂಗೈತೋ ಹಂಗೇ ಬರೆದೀರಲ್ರಿ’ ಅಂದರು. ಏಳನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಮೊಮ್ಮಗಳನ್ನು ಎತ್ತಿಕೊಂಡು ಬಂದು, ನಿನಗೆ ಇದೂ ಬರುತ್ತಾ ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನವಿಲಿನ ಸುದ್ದಿ ಅವಳಿಗೆ ನೆನಪೇ ಇರಲಿಲ್ಲ. ನಾನು ನೆನಪಿಸಿದರೂ, ಯಾವ ನವಿಲೇ ಅಂದಳು. ಚಿತ್ರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು. ಇವತ್ತಿಗೂ ಆ ಫೋಟೋದಲ್ಲಿ ನಾನು ಬಲಗೈ ಮುಷ್ಟಿ ಹಿಡಿದುಕೊಂಡಿದ್ದೇನೆ. ಅವಳು ನಮ್ಮ ಅಣ್ಣನ ಮನೆಯವರಿಗೆಲ್ಲ ಮಂಡಕ್ಕಿ ಹಂಚುತ್ತಾ, ‘ನಮ್ಮಕ್ಕಂದು ಅದು, ಎದುರಿಗಿರೋದು’ ಅಂತ ತೋರಿಸುತ್ತಿದ್ದಳು.

ವಾಪಸ್ಸು ಬರುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದೆವು. ಚನ್ನಗಿರಿ ಬಸ್ಸಿನಲ್ಲಿ ಕೂತ ಮೇಲೆ ಅವಳು ನನ್ನ ಬಲಗೈಯನ್ನು ಸೆರಗಿನಿಂದ ಈಚೆ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದಳು.

‘ಸೋಪು ಹಾಕಿದ್ರಾ?’

‘ಹ್ಞೂಂ.’

‘ಸೋಪು ಹಾಕಿದ್ರೆ ಕಪ್ಪಾಗ್ತೈತೆ ಅಕ್ಕ. ಹುಣಸೆಹಣ್ಣು ಹಚ್ಚಿ ತಿಕ್ಕಿರಿ, ಎಂಟು ದಿನದಾಗೆ ಹೋಗ್ತೈತೆ.’

ಕೈ ವಾಪಸ್ಸು ಇಟ್ಟಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ಸಾಸ್ವೆಹಳ್ಳಿ ದಾಟಿ ಸ್ವಲ್ಪ ದೂರ ಬಂದಿರಬೇಕು. ಅವಳು ಕಿಟಕಿಯ ಕಡೆಯೇ ನೋಡುತ್ತಾ ಕೇಳಿದಳು. ‘ಅದು ಚೆನ್ನಾಗಿರ್ಲಿಲ್ವಾ ಅಕ್ಕ? ಏನು ತಪ್ಪಿತ್ತು ಅದ್ರಾಗೆ? ಹೇಳ್ರಿ, ಇನ್ನೊಂದ್ಸಲ ಹಂಗೆ ಮಾಡಲ್ಲ.’

ಅವಳು ವ್ಯಂಗ್ಯ ಮಾಡುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಅವಳ ಅರ್ಜಿಗಳಲ್ಲಿ ನಾನು ಗೆರೆ ಎಳೆದ ಕಡೆಯೆಲ್ಲ ತಪ್ಪಿತ್ತು. ಇಲ್ಲೂ ಏನೋ ತಪ್ಪಿದ್ದಿರಬೇಕು ಅಂತ ಅವಳು ನಂಬಿದ್ದಳು. ಖಾಲಿ ಜಾಗ ಬಿಡಬಾರದಿತ್ತು ಅಂತ ಒಂದು ಮಾತು ಹೇಳಿದ್ದರೆ ಹಾಗೇ ಒಪ್ಪಿಕೊಳ್ಳುತ್ತಿದ್ದಳು. ಇನ್ನು ಮುಂದೆ ಯಾವ ಹಾಳೆಯಲ್ಲೂ ಬಿಳಿ ಬಿಡುತ್ತಿರಲಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು.

‘ಚೆನ್ನಾಗಿತ್ತು ಕಣೇ’ ಅಂದೆ. ‘ತುಂಬ ಚೆನ್ನಾಗಿತ್ತು. ಅದಕ್ಕೇ ಹಾಗೆ ಮಾಡಿದೆ.’

ಅವಳು ತಿರುಗಿ ನೋಡಿದಳು. ಚಿತ್ರದ ಮುಂದೆ ಬರದ ಸಿಟ್ಟು ಆಗ ಬಂತು. ಕಂಡಕ್ಟರ್ ಬಂದು ಕಾರ್ಡ್ ಕೇಳಿದ. ಅವಳು ತನ್ನದನ್ನು ಮಾತ್ರ ತೋರಿಸಿದಳು. ಬೇರೆ ದಿನಗಳಲ್ಲಿ ಇಬ್ಬರ ಕಾರ್ಡೂ ಅವಳ ಪರ್ಸಿನಲ್ಲೇ ಇರುತ್ತಿದ್ದವು. ನನ್ನದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು.

ಮುಂದಿನ ಭಾನುವಾರ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಹಿಟ್ಟಿನ ಗಿರಣಿಯ ಮೇಲೆ ಕೂತು ಅದೇ ಹಂಡೆ, ಅದೇ ಹೆಂಗಸನ್ನು ಮತ್ತೆ ಬರೆದಳು. ಹಬೆಗೆ ಈ ಸಲ ಇನ್ನೂ ಹೆಚ್ಚು ಬಿಳಿ ಬಿಟ್ಟಳು. ನಾನು ನನ್ನ ಹಾಳೆಯ ಮೇಲೆ ಕಣ್ಣಿಟ್ಟುಕೊಂಡಿದ್ದೆ, ಆದರೂ ಆ ಬಿಳಿ ನನಗೆ ಕಾಣುತ್ತಿತ್ತು. ಹೊಟ್ಟೆಕಿಚ್ಚು ಹೋಗಿತ್ತು ಅಂದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಚನ್ನಗಿರಿ ಸ್ಟ್ಯಾಂಡಿನಲ್ಲಿ ಇಳಿದೆವು. ಎಂದಿನಂತೆ ಚಿತ್ರ ತೆಗೆದುಕೊಳ್ಳಲು ಕೈ ಚಾಚಿದೆ.

‘ಇರ್ಲಿ ಬಿಡ್ರಿ ಅಕ್ಕ. ನಾನೇ ತಗಂಡು ಹೋಗ್ತೀನಿ.’

‘ನಿಮ್ಮ ಮನೇಲಿ ಸೆಟೆದುಕೊಳ್ಳುತ್ತೆ ಕಣೇ.’

‘ಸೆಟೆದ್ಕೊಳ್ಳಲಿ’ ಅಂದಳು.

ಕೆರೆಬಿಳಚಿ ಬಸ್ಸಿನಲ್ಲಿ ಸೀಟಿರಲಿಲ್ಲ. ಚಿತ್ರ ಇನ್ನೂ ಹಸಿ. ಎರಡೂ ಅಂಗೈ ಮೇಲೆ ಅದನ್ನು ಮಟ್ಟಸವಾಗಿ ಹಿಡಿದುಕೊಂಡು, ಕಂಬಿ ಹಿಡಿಯಲು ಕೈಯಿಲ್ಲದೆ, ಜನರ ನಡುವೆ ಕಾಲು ಅಗಲಿಸಿ ನಿಂತಳು. ಬಸ್ಸು ಹೊರಟಿತು. ನನ್ನ ಕೈ ಇನ್ನೂ ಚಾಚಿಕೊಂಡೇ ಇತ್ತು. ಬೆರಳಿನ ಕಲೆ ಅಷ್ಟರಲ್ಲಿ ಹೋಗಿತ್ತು, ಅವಳು ಹೇಳಿದಂತೆ ಹುಣಸೆಹಣ್ಣು ಹಚ್ಚಿದ್ದೆ.